ಐಹೊಳೆಯಲ್ಲಿ ಒಂದಿಡೀ ದಿನದ ನಡಿಗೆ: ಮೇಗುಟಿ, ರಾವಣಫಡಿ, ಹೊಳೆದಂಡೆ. ಯಾವ ಹೊತ್ತಿಗೆ ಎಲ್ಲಿರಬೇಕು?

ನಡಿಗೆಚೀಲ
ಡಿಸೆಂಬರ್ ಎರಡನೇ ವಾರದಲ್ಲಿ ಐಹೊಳೆಗೆ ಆರು ಜನ. ಇಬ್ಬರು 65 ದಾಟಿದವರು, ಒಬ್ಬಳು ಒಂಬತ್ತು ವರ್ಷದವಳು. ಬಾದಾಮಿಯಿಂದ ಟ್ಯಾಕ್ಸಿಯಲ್ಲಿ ಬಂದು, ದುರ್ಗ ಗುಡಿ ಮುಂದೆ ಇಳಿದು, ಮುಕ್ಕಾಲು ಗಂಟೆಯಲ್ಲಿ ಪಟ್ಟದಕಲ್ಲಿಗೆ ಹೊರಡುವ ಬಗೆ ಬೇಡ. ಊರು, ಗುಡ್ಡ, ಹೊಳೆ ಎಲ್ಲವನ್ನೂ ನಡೆದೇ ನೋಡಬೇಕು. ಕೇಳಬೇಕಾದ್ದು ಇಷ್ಟು: ಯಾವುದು ಮೊದಲು, ಯಾವುದು ಆಮೇಲೆ? ಹಿರಿಯರಿಗೆ ಮೇಗುಟಿ ಗುಡ್ಡ ಹತ್ತಲು ಆಗುತ್ತದೆಯೇ? ಅದರ ಹಿಂದಿನ ಶಿಲಾಯುಗದ ಗೋರಿಗಳಿಗೆ ದಾರಿ ಇದೆಯೇ? ಹೊಳೆಗುಂಟ ಪಟ್ಟದಕಲ್ಲಿನವರೆಗೆ ನಡೆಯಬಹುದೇ?

ಎರೆಹೊಲ
ಬರ್ರಿ, ಡಿಸೆಂಬರ್ ಚಲೋ ತಿಂಗಳು. ಹೊಲದಾಗ ಬಿಳಿಜೋಳ, ಕಡ್ಲಿ ಹಸರಾಗಿ ನಿಂತಿರ್ತಾವು, ಬಿಸಿಲೂ ತಡಕೊಳ್ಳೋ ಹಂಗಿರತೈತಿ. ಏಪ್ರಿಲ್‌ದಾಗ ಇದ ನಡಿಗಿ ಮಾಡಾಕ ಹೋದ್ರ ಹನ್ನೊಂದಕ್ಕ ಕಲ್ಲು ಕಾದು ಅಂಗಾಲು ಇಡಾಕ ಆಗೂದಿಲ್ಲ.

ನನ್ನ ಲೆಕ್ಕ: ನಸುಕಿನ್ಯಾಗ ಮೊದಲ ಮೇಗುಟಿ ಹತ್ತಿ ಬಿಡ್ರಿ. ದುರ್ಗ ಗುಡಿ ಆವರಣದಿಂದ ಗುಡ್ಡದ ಬುಡಕ್ಕ ಊರೊಳಗಿನ ಓಣಿ ಹಿಡಿದು ಹತ್ತು ನಿಮಿಷ, ಮ್ಯಾಲ ಹತ್ತಾಕ ಹದಿನೈದು–ಇಪ್ಪತ್ತು ನಿಮಿಷ. ಕಲ್ಲಿನ ಮೆಟ್ಟಲ ಅದಾವು, ಆದ್ರ ಎತ್ತರ ಒಂದ ಸಮ ಇಲ್ಲ, ಕಡೀಕ ಕೈ ಹಿಡಿಯಾಕ ಕಂಬಿ ಎಲ್ಲಾ ಕಡೆ ಇಲ್ಲ. ಮೊಣಕಾಲು ನೋವಿದ್ದವ್ರು ಅರ್ಧದಾಗ ಸಿಗೋ ಎರಡಂತಸ್ತಿನ ಬೌದ್ಧ ಗುಡಿತನಕ ಬಂದು ಅಲ್ಲೇ ಕುಂತ್ರೂ ಸಾಕು. ಅಲ್ಲಿಂದ ಊರು, ಗುಡಿ, ಮಲಪ್ರಭೆ ಎಲ್ಲಾ ಕಾಣತಾವು. ಆ ಪಡಸಾಲಿ ಮಾಳಗಿ ಕಡೆ ಮುಖ ಎತ್ತಿ ನೋಡ್ರಿ, ಬುದ್ಧನ ಉಬ್ಬುಶಿಲ್ಪ ಐತಿ. ಬಹಳ ಮಂದಿ ನೆಲ ನೋಡಕೋತ ದಾಟಿ ಹೋಗತಾರ.

ತಲಿಗೆ ಎರಡು ಲೀಟರ್ ನೀರು. ಗುಡ್ಡದ ಮ್ಯಾಲ ಅಂಗಡಿ ಇಲ್ಲ, ನಳ ಇಲ್ಲ, ಗಿಡದ ನೆರಳೂ ಕಮ್ಮಿ.

ಶಾಸನಪ್ರಿಯೆ
ಎರೆಹೊಲ ಅಣ್ಣಾರ, ಒಂದು ತಕರಾರು. ಬಿಸಿಲು ತಪ್ಪಿಸಿಕೊಳ್ಳುವುದಕ್ಕಾದರೆ ನಸುಕು ಸರಿ. ಆದರೆ ಇವರು ಶಾಸನ ನೋಡಬೇಕೆಂದಿದ್ದರೆ ಡಿಸೆಂಬರಿನಲ್ಲಿ ಆ ಹೊತ್ತು ಸರಿಯಲ್ಲ.

ಮೇಗುಟಿ ಜಿನಾಲಯ ಉತ್ತರಕ್ಕೆ ಮುಖ ಮಾಡಿದೆ. ಇಮ್ಮಡಿ ಪುಲಕೇಶಿಯ ಪ್ರಶಸ್ತಿ, ಅಂದರೆ ಅವನನ್ನು ಹೊಗಳುವ ಶಾಸನ, ಇರುವುದು ಪೂರ್ವದ ಹೊರಗೋಡೆಯಲ್ಲಿ. ಬೆಳಗ್ಗೆ ಏಳು ಗಂಟೆಯ ಬೆಳಕು ಆ ಗೋಡೆಗೆ ಎದುರಿನಿಂದಲೇ ಬೀಳುತ್ತದೆ. ಅಕ್ಷರ ತೆಳುವಾಗಿ ಕೊರೆದದ್ದು, ಅದರ ಗೀರಿನೊಳಗೆ ನೆರಳು ಹುಟ್ಟಬೇಕಾದರೆ ಬೆಳಕು ಗೋಡೆಯನ್ನು ಸವರಿಕೊಂಡು ಹೋಗಬೇಕು. ಸೂರ್ಯ ದಕ್ಷಿಣಕ್ಕೆ ಸರಿದು ಪೂರ್ವದ ಗೋಡೆಯಿಂದ ಇನ್ನೇನು ಬಿಸಿಲು ಜಾರಬೇಕು ಅನ್ನುವಾಗ ಅಂಥ ಬೆಳಕು ಬರುತ್ತದೆ. ಡಿಸೆಂಬರಿನಲ್ಲಿ ಅದು ಸುಮಾರು 11ರಿಂದ 12ರೊಳಗೆ. ಏಳಕ್ಕೆ ತೆಗೆದ ಫೋಟೋದಲ್ಲಿ ಬರೀ ಹಳದಿ ಕಲ್ಲು, ಹನ್ನೊಂದೂವರೆಗೆ ತೆಗೆದದ್ದರಲ್ಲಿ ಸಾಲಿಗೆ ಸಾಲು ಓದಬಹುದು.

ಬೇಸಿಗೆಯಲ್ಲಿ ಬರುವವರು ಸೂರ್ಯ ಹುಟ್ಟುವ ಮೊದಲೇ ಹತ್ತಿ, ಮೊಬೈಲಿನ ಟಾರ್ಚನ್ನು ಗೋಡೆಗೆ ಒತ್ತಿದ ಹಾಗೆ ಒಂದು ಬದಿಯಿಂದ ಹಿಡಿಯಲಿ. ಎದುರಿಗೆ ಹಿಡಿದರೆ ಅದೇ ತೊಂದರೆ. ನೀರು ಚಿಮುಕಿಸುವುದು, ಸೀಮೆಸುಣ್ಣ ತಿಕ್ಕುವುದು ದಯವಿಟ್ಟು ಬೇಡ. ಇದು ಮರಳುಗಲ್ಲು, ನೀರು ಹೀರುತ್ತದೆ. ಒಣಗುವಾಗ ಒಳಗಿನ ಲವಣ ಮೇಲಕ್ಕೆ ಬಂದು ಪದರವನ್ನೇ ಎಬ್ಬಿಸುತ್ತದೆ. ಆ ಪದರದ ಮೇಲೆಯೇ ಅಕ್ಷರ ಇರುವುದು.

ಶಾಸನದ ಕಾಲ ಶಕವರ್ಷ 556, ಅಂದರೆ ಕ್ರಿ.ಶ. 634. ಗುಡಿ ಕಟ್ಟಿಸಿ ಪ್ರಶಸ್ತಿ ಬರೆದವನು ರವಿಕೀರ್ತಿ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಹಳಗನ್ನಡ ಅಕ್ಷರಮಾಲೆಯ ಒಂದು ಹಾಳೆ ಮುದ್ರಿಸಿ ಒಯ್ದರೆ ಒಂಬತ್ತು ವರ್ಷದ ಹುಡುಗಿಯೂ ಮೂರ್ನಾಲ್ಕು ಅಕ್ಷರ ಗುರುತಿಸುತ್ತಾಳೆ. ಕನೌಜಿನ ಹರ್ಷ ಈ ಪುಲಕೇಶಿಯ ಮುಂದೆ ಹರ್ಷ ಕಳೆದುಕೊಂಡ ಎಂಬ ಶ್ಲೇಷೆ ಇರುವುದು ಇಲ್ಲೇ. ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದೂ ಇಲ್ಲೇ. ಆ ಇಬ್ಬರು ಕವಿಗಳು ಇದಕ್ಕಿಂತ ಈಚಿನವರಲ್ಲ ಎಂದು ಹೇಳಲು ವಿದ್ವಾಂಸರಿಗೆ ಸಿಕ್ಕ ಗಟ್ಟಿ ಆಧಾರ ಈ ಗೋಡೆ.

ಎರೆಹೊಲ
ಅಕ್ಕಾರ, ಇದು ಖರೇ. ಬೆಳಕಿನ ಲೆಕ್ಕ ನಾ ಹಾಕಿರಲಿಲ್ಲ. ಡಿಸೆಂಬರ್‌ದಾಗ ಹತ್ತರ ಬಿಸಿಲಿಗೆ ಹತ್ತಿದ್ರ ಏನೂ ಆಗೂದಿಲ್ಲ, ತಲಿಗೆ ಟಾವೆಲ್ ಇರಲಿ. ಹಂಗಾದ್ರ ಬೆಳಿಗ್ಗಿಗೆ ದುರ್ಗ ಗುಡಿ, ಮಧ್ಯಾಹ್ನದ ಮುಂಚೆ ಮೇಗುಟಿ. ಮಾರ್ಚ್‌ನಿಂದ ಜೂನ್‌ತನಕ ಬರವ್ರಿಗೆ ಮಾತ್ರ ನನ್ನ ಹಳೇ ಲೆಕ್ಕನೇ ಇರಲಿ.

ಚಾಣಸುತ್ತಿಗೆ
ದುರ್ಗ ಗುಡಿಗೆ ಬೆಳಗ್ಗೆ ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಸೂರ್ಯೋದಯಕ್ಕೆ ಗೇಟು ತೆರೆಯುತ್ತದೆ, ಪ್ರವಾಸಿ ಬಸ್ಸುಗಳು ಬರುವುದು ಆಮೇಲೆ. ಆವರಣಕ್ಕೆ ಟಿಕೆಟ್ ಇದೆ, 15 ವರ್ಷದೊಳಗಿನ ಮಕ್ಕಳಿಗೆ ಬೇಡ. ಒಳಗಿನ ಮ್ಯೂಸಿಯಂ ಅಷ್ಟು ಬೇಗ ತೆರೆಯುವುದಿಲ್ಲ, ಶುಕ್ರವಾರ ಪೂರ್ತಿ ರಜೆ. ದಿನ ಆರಿಸುವಾಗ ಇದು ನೆನಪಿರಲಿ.

ಗುಡಿ ಪೂರ್ವಾಭಿಮುಖ, ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿದೆ. ಕಂಬಸಾಲಿನ ಪ್ರದಕ್ಷಿಣೆಯನ್ನು ಎಡದಿಂದ ಶುರು ಮಾಡಿದರೆ ಗೂಡುಗಳಲ್ಲಿ ಒಂದಾದ ಮೇಲೊಂದು ವೃಷಭದೊಡನೆ ಶಿವ, ನರಸಿಂಹ, ಗರುಡನೊಡನೆ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ. ಮೊದಲಿನವು ದಕ್ಷಿಣದ ಮಗ್ಗುಲಲ್ಲಿ, ಚಳಿಗಾಲದ ತಗ್ಗಿದ ಬಿಸಿಲು ಕಂಬಗಳ ನಡುವೆ ಒಳಗೆ ಬರುತ್ತದೆ. ಕೊನೆಯವು ಉತ್ತರದ ಮಗ್ಗುಲಲ್ಲಿ, ಡಿಸೆಂಬರಿನಲ್ಲಿ ಅವಕ್ಕೆ ನೇರ ಬಿಸಿಲೇ ಇಲ್ಲ. ಕಾದು ಪ್ರಯೋಜನವಿಲ್ಲ. ಫ್ಲಾಶ್ ಹಾಕಿದರೆ ಮೂರ್ತಿ ಚಪ್ಪಟೆಯಾಗುತ್ತದೆ, ಕೈ ನಡುಗದಂತೆ ಕಂಬಕ್ಕೆ ಒರಗಿ ನೆರಳಿನಲ್ಲೇ ತೆಗೆಯಿರಿ. ಸ್ಟ್ಯಾಂಡು ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಡ್ರೋನ್ ಅಂತೂ ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

ಶಿಖರ ಅರ್ಧಕ್ಕೆ ನಿಂತ ಹಾಗೆ ಕಾಣುತ್ತದಲ್ಲ, ಅದರ ತುದಿಗಿರಬೇಕಾದ ನೆಲ್ಲಿಕಾಯಿ ಆಕಾರದ ಆಮಲಕ ಪಕ್ಕದ ನೆಲದ ಮೇಲೆ ಬಿದ್ದಿದೆ. ಮಗುವಿಗೆ ಅದನ್ನು ಹುಡುಕಲು ಹೇಳಿ, ಮೇಲಿದ್ದರೆ ಎಷ್ಟು ಚಿಕ್ಕದಾಗಿ ಕಾಣುವ ಕಲ್ಲು ಹತ್ತಿರದಲ್ಲಿ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ.

ನಡಿಗೆಚೀಲ
ಲಾಡಖಾನ ಗುಡಿ ಐದನೇ ಶತಮಾನದ್ದು, ಇಲ್ಲಿಯ ಅತ್ಯಂತ ಹಳೆಯ ಗುಡಿ ಎಂದು ಓದಿದ್ದೆವು. ಅದು ಸರಿಯೇ? ಮತ್ತೆ ದುರ್ಗ ಗುಡಿಯಲ್ಲಿ ದುರ್ಗಿಯ ಪೂಜೆ ಇತ್ತೇ?

ಚಾಣಸುತ್ತಿಗೆ
ಎರಡಕ್ಕೂ ಇಲ್ಲ ಎನ್ನಬೇಕು. ಹಳೆಯ ಪುಸ್ತಕಗಳಲ್ಲಿ ಲಾಡಖಾನಕ್ಕೆ ಐದನೇ ಶತಮಾನ ಎಂದಿರುತ್ತದೆ. ಕಟ್ಟಡದ ರೀತಿ ನೋಡಿ ಈಗ ಹೆಚ್ಚಿನ ವಿದ್ವಾಂಸರು ಅದನ್ನು ಏಳನೇ ಶತಮಾನದ ಕೊನೆ, ಎಂಟರ ಆರಂಭಕ್ಕೆ ತರುತ್ತಾರೆ. ರಾವಣಫಡಿ ಗುಹೆ ಆರನೇ ಶತಮಾನದ್ದು, ಅದಕ್ಕಿಂತ ಹಳೆಯದು.

ಲಾಡಖಾನದಲ್ಲಿ ನೋಡಬೇಕಾದ್ದು ಮಾಡು. ಇಳಿಜಾರಾಗಿ ಹಾಸಿದ ಚಪ್ಪಡಿಗಳು, ಎರಡು ಚಪ್ಪಡಿ ಸೇರುವಲ್ಲೆಲ್ಲ ಮರದ ರೀಪಿನಂಥ ಉದ್ದನೆಯ ಕಲ್ಲುಪಟ್ಟಿ. ಮಳೆನೀರು ಸಂದಿಗೆ ಇಳಿಯದಂತೆ ತಡೆಯುವುದು ಆ ಪಟ್ಟಿಯ ಕೆಲಸ. ಮರದಲ್ಲಿ ಮನೆ ಕಟ್ಟಿದ ಕೈಗಳು ಕಲ್ಲಿಗೆ ಬಂದಾಗ ಮರದ ಉಪಾಯವನ್ನೇ ಕಲ್ಲಿನಲ್ಲಿ ಮಾಡಿವೆ. ಒಳಗೆ ಮಾಡಿಗೆ ಹೋಗುವ ಕಲ್ಲಿನ ಏಣಿಯೂ ಇದೆ. ಹತ್ತಬೇಡಿ, ನೋಡಿದರೆ ಸಾಕು.

ದುರ್ಗ ಎಂದರೆ ಇಲ್ಲಿ ಕೋಟೆ. ಗುಡಿ ಮುಂದಿನ ಕಾಲದಲ್ಲಿ ಕೋಟೆಯ ಭಾಗವಾಗಿ ಸೇರಿಹೋಗಿತ್ತು, ಹೆಸರು ಅಲ್ಲಿಂದ ಬಂತು. ದ್ವಾರದ ಶಾಸನ ಹೇಳುವುದು ಆದಿತ್ಯನ, ಅಂದರೆ ಸೂರ್ಯನ ಗುಡಿ ಎಂದು.

ಬಾಗಿಲವಾಡ
ಹೆಸರುಗಳ ಮಾತು ಬಂದದ್ದಕ್ಕೆ ಸೇರಿಸುತ್ತೇನೆ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಲಾಡಖಾನ: ಇವು ದೇವರ ಹೆಸರಲ್ಲ, ಒಕ್ಕಲಾಗಿದ್ದವರ, ಅಕ್ಕಪಕ್ಕದಲ್ಲಿದ್ದವರ ಹೆಸರು. ಎಷ್ಟೋ ಕಾಲ ಈ ಗುಡಿಗಳು ಮನೆಯಾಗಿ, ದನದ ಕೊಟ್ಟಿಗೆಯಾಗಿ ಬಳಕೆಯಲ್ಲಿದ್ದವು. ಮನೆಗೋಡೆಗೆ ಅಂಟಿಕೊಂಡ ಗುಡಿ ಈಗಲೂ ಓಣಿಗಳಲ್ಲಿ ಸಿಗುತ್ತದೆ. ಇದನ್ನು ಹಾಳು ಎಂದು ಮಾತ್ರ ನೋಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಜನ ಬಿಟ್ಟುಹೋದ ಕಡೆ ಗುಡಿಯ ಕಲ್ಲು ಎಷ್ಟೋ ಸಲ ಬಾವಿಗೆ, ಕಟ್ಟೆಗೆ ಹೋಗುತ್ತದೆ. ಇಲ್ಲಿ ಊರು 120ಕ್ಕೂ ಹೆಚ್ಚು ಗುಡಿಗಳನ್ನು ಸುತ್ತಲೂ ಇಟ್ಟುಕೊಂಡೇ ಬದುಕಿದೆ.

ಹಾಗಾಗಿ ಓಣಿಯಲ್ಲಿ ನಡೆಯುವಾಗ ಅದು ಊರಿನವರ ಅಂಗಳ ಎಂಬ ಎಚ್ಚರ ಇರಲಿ. ಕೊಂತಿಗುಡಿ ಗುಂಪು ಮನೆಗಳ ನಡುವೆಯೇ ಇದೆ. ಅದರ ಮಾಳಿಗೆಯ ಬ್ರಹ್ಮ, ವಿಷ್ಣು, ಶಿವರ ಫಲಕ ನೋಡದೆ ಬರಬೇಡಿ. ಯಾರಾದರೂ ಕಟ್ಟೆಯ ಮೇಲೆ ಕಾಳು ಹರವಿದ್ದರೆ ದಾಟಿ ತುಳಿಯಬೇಡಿ. "ಒಳಗ ಹೋಗಬಹುದೇನ್ರಿ" ಎಂದು ಒಂದು ಮಾತು ಕೇಳಿದರೆ ಸಾಕು. ಅಂಬಿಗೇರ ಗುಡಿಯಲ್ಲಿ ಅಗೆದಾಗ ಈಗಿನ ಕಲ್ಲಿನ ಗುಡಿಗಿಂತ ಹಳೆಯ ಇಟ್ಟಿಗೆಯ ಕಟ್ಟಡ ಸಿಕ್ಕಿತ್ತು. ದುರ್ಗ ಆವರಣದ ಪಶ್ಚಿಮಕ್ಕೆ ರಸ್ತೆ ದಾಟಿದರೆ ಅದು, ಐದು ನಿಮಿಷದ ಕೆಲಸ.

ಮೊರೇರಕಲ್ಲು
ಗೋರಿಗಳ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಸಣ್ಣ ತಿದ್ದುಪಡಿ: ಅವು ಶಿಲಾಯುಗದವಲ್ಲ, ಬೃಹತ್ ಶಿಲಾ ಸಂಸ್ಕೃತಿಯವು, ದಕ್ಷಿಣದಲ್ಲಿ ಕಬ್ಬಿಣಯುಗಕ್ಕೆ ಸೇರುವಂಥವು. ಊರಿನವರು ಮೊರೇರ ಮನೆ ಎನ್ನುತ್ತಾರೆ. ಮೇಗುಟಿಯ ಹಿಂದೆ ಹಳೆಯ ಕೋಟೆಗೋಡೆ ದಾಟಿದ ಬಯಲಿನಲ್ಲಿವೆ. ಮೂರು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ರಚನೆ. ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಬಹಳಷ್ಟು ಕುಸಿದಿವೆ, ಮೊದಲ ನೋಟಕ್ಕೆ ಬರೀ ಬಂಡೆರಾಶಿ ಅನಿಸುತ್ತದೆ. ಮೂರು ಕಡೆ ನೇರ ನಿಂತ ತೆಳು ಕಲ್ಲು ಸಿಕ್ಕಿತೆಂದರೆ ಅದೇ ಎಂದು ತಿಳಿಯಿರಿ.

ಇಲ್ಲಿ ಜನ ದಾರಿ ತಪ್ಪುವುದು ಗೋಡೆಯ ಒಡಕು ಸಿಗದೆ. ಸಿಗಲಿಲ್ಲವೆಂದು ಕೋಟೆಗೋಡೆ ಹತ್ತಿ ಹಾರುತ್ತಾರೆ. ಗಾರೆಯಿಲ್ಲದೆ ಪೇರಿಸಿದ ಕಲ್ಲು ಕಾಲಡಿ ಜಾರುತ್ತದೆ, ಗೋಡೆಯೂ ಕುಸಿಯುತ್ತದೆ. ಗೋಡೆಗುಂಟ ನಡೆದು ಮೊದಲೇ ಬಿದ್ದುಹೋದ ಜಾಗ ಹುಡುಕಿ. ಗೋಡೆ ದಾಟುವ ಮುಂಚೆ ತಿರುಗಿ ಮೇಗುಟಿಯನ್ನು ಒಮ್ಮೆ ನೋಡಿಕೊಳ್ಳಿ, ಮರಳಲು ಅದೇ ಗುರುತು.

ಕಿಂಡಿಯೊಳಗೆ ಕೈ ಹಾಕಬೇಡಿ, ಮಗುವನ್ನು ಒಳಗೆ ನುಸುಳಲು ಬಿಡಬೇಡಿ. ಬಿಸಿಲು ಏರಿದ ಮೇಲೆ ಹಾವು ಹುಡುಕುವ ತಂಪು ಜಾಗ ಅದೇ. ಇಂಥ ಒಣ ಕಲ್ಲುನೆಲದಲ್ಲಿ ಗರಗಸ ಮಂಡಲ ಇರುತ್ತದೆ. ಗಾತ್ರ ಚಿಕ್ಕದು, ಬಣ್ಣ ಮಣ್ಣಿನಂತೆ, ತುಳಿಯುವವರೆಗೆ ಕಾಣುವುದಿಲ್ಲ. ಕಾಲು ಮುಚ್ಚುವ ಗಟ್ಟಿ ಶೂ ಬೇಕು. ಬಳ್ಳಾರಿ ಜಾಲಿ ಮುಳ್ಳು ತೆಳು ಅಟ್ಟೆಯ ಚಪ್ಪಲಿಯನ್ನು ತೂರಿ ಬರುತ್ತದೆ. ಒಂದು ಚಿಮಟ ಚೀಲದಲ್ಲಿರಲಿ. ಉತ್ತರಾಣಿ ಕಾಲುಚೀಲಕ್ಕೆ ಅಂಟುತ್ತದೆ, ಪ್ಯಾಂಟನ್ನು ಕಾಲುಚೀಲದ ಹೊರಗೆ ಬಿಡಿ.

ಬಂಡೆಯ ಚಾಚು, ಗುಡಿಯ ಮಾಡಿನಡಿ ಹೆಜ್ಜೇನು ಕಟ್ಟಿದ್ದು ಕಂಡರೆ ದೂರದಿಂದಲೇ ಬಳಸಿ ಹೋಗಿ. ಸೆಂಟು, ಊದುಬತ್ತಿ, ಬೀಡಿ ಹೊಗೆ, ಕೂಗಾಟ ಯಾವುದೂ ಬೇಡ.

ಜೈನ ಗುಹೆ ಇದೇ ಗುಡ್ಡದ ಇನ್ನೊಂದು ಮಗ್ಗುಲಲ್ಲಿದೆ. ಪಾರ್ಶ್ವನಾಥನ ಎದುರಿಗೆ ಬಾಹುಬಲಿ. ಶ್ರವಣಬೆಳಗೊಳದ ಗೊಮ್ಮಟನಿಗಿಂತ ಶತಮಾನಗಳಷ್ಟು ಹಿಂದಿನವನು ಈ ಬಾಹುಬಲಿ. ಮೇಲಿನಿಂದ ಅಡ್ಡದಾರಿ ಹಿಡಿದು ಇಳಿಯಲು ಹೋಗಬೇಡಿ, ಬಂಡೆ ಕಡಿದಾಗಿದೆ. ಬಂದ ಮೆಟ್ಟಿಲಲ್ಲೇ ಇಳಿದು ಕೆಳಗಿನಿಂದ ಸುತ್ತಿ ಹೋಗಿ.

ಶಾಸನಪ್ರಿಯೆ
ರಾವಣಫಡಿಯ ಹೊತ್ತನ್ನೂ ಹೇಳಿಬಿಡುತ್ತೇನೆ, ಅದೂ ಬೆಳಕಿನದೇ ವಿಷಯ. ದುರ್ಗ ಗುಡಿಯಿಂದ ಈಶಾನ್ಯಕ್ಕೆ ಒಂದು ಕಿಲೋಮೀಟರಿಗೂ ಕಡಿಮೆ. ಸಮತಟ್ಟು ದಾರಿ, ಹಿರಿಯರಿಗೆ ತೊಂದರೆಯಿಲ್ಲ. ಗುಹೆಯ ಬಾಯಿ ನೈಋತ್ಯಕ್ಕಿದೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದೂ ಹೆಚ್ಚುಕಡಿಮೆ ಆ ದಿಕ್ಕಿಗೇ. ನಾಲ್ಕೂವರೆಯಿಂದ ಐದೂವರೆಯ ಬಿಸಿಲು ಗುಹೆಯೊಳಗೆ ನಡೆದು ಬರುತ್ತದೆ. ಜೂನಿನಲ್ಲಿ ಸೂರ್ಯ ವಾಯವ್ಯಕ್ಕೆ ಸರಿದಿರುತ್ತಾನೆ, ಆಗ ಇದು ಸಿಗದು.

ಒಳಹೊಕ್ಕ ಕೂಡಲೆ ಎಡಗಡೆಯ ಕೋಣೆ. ಹತ್ತು ತೋಳಿನ ನಟರಾಜ, ಸುತ್ತ ಸಪ್ತಮಾತೃಕೆಯರು, ಗಣಪತಿ, ಕಾರ್ತಿಕೇಯ. ಎತ್ತರದ ಕಿರೀಟ, ಬಟ್ಟೆಯ ನೆರಿಗೆಗಳ ಸಪೂರ ಗೀರು ನೋಡಿ. ಬೆಳಗ್ಗೆ ಬಂದವರಿಗೆ ಈ ಗೀರುಗಳು ಕಾಣುವುದೇ ಇಲ್ಲ, ಕತ್ತಲಲ್ಲಿ ಆಕಾರ ಮಾತ್ರ. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಸುಮ್ಮನೆ ನಿಲ್ಲಿ, ಆಮೇಲೆ ಟಾರ್ಚು.

ಹುಚ್ಚಿಮಲ್ಲಿ ಗುಡಿ ಅದೇ ಕಡೆ ಇದೆ, ಹೋಗುವಾಗಲೇ ನೋಡಿಕೊಳ್ಳಿ. ಗರ್ಭಗುಡಿಗೂ ಮಂಟಪಕ್ಕೂ ನಡುವೆ ಒಂದು ಚಿಕ್ಕ ಅಂತರಾಳ, ಹೊರಗೆ ಅದರ ಮೇಲೆ ಶಿಖರದಿಂದ ಮುಂದೆ ಚಾಚಿದ ಶುಕನಾಸಿ. ಮುಂದಿನ ಗುಡಿಗಳಲ್ಲೆಲ್ಲ ಬರುವ ಈ ಅಂಗದ ಮೊದಮೊದಲ ರೂಪ ಇದು. ಎದುರಿಗಿನ ಮೆಟ್ಟಿಲುಬಾವಿಯ ಒಳಗೋಡೆಯಲ್ಲೂ ಶಿಲ್ಪಗಳಿವೆ. ಅಂಚಿನಲ್ಲಿ ಮಗುವಿನ ಕೈ ಹಿಡಿದಿರಿ.

ಹೊಳಿದಂಡಿ
ಹೊಳಿ ಕಡೆ ಗುಂಪುಗಳನ್ನ ಊಟ ಆದ ಮ್ಯಾಲ ಇಟ್ಟುಕೋರಿ, ಎರಡರಿಂದ ಮೂರೂವರಿ. ಗಳಗನಾಥ ಗುಂಪಿನ್ಯಾಗ ಮೂವತ್ತಕ್ಕಿಂತ ಹೆಚ್ಚು ಸಣ್ಣ ದೊಡ್ಡ ಗುಡಿ, ಬಾಗಲದ ಎಡಬಲ ಗಂಗೆ–ಯಮುನೆ. ಮುರಿದು ನಿಂತ ತೋರಣಗಂಬ ಐತಿ, ಅದರ ಕೆಳಗ ಕುಂದರಬ್ಯಾಡ್ರಿ. ಅಲ್ಲಿಂದ ರಾಮಲಿಂಗ ಗುಂಪಿಗೆ ಹೊಳಿ ದಂಡಿ ಹಿಡಿದು ಹೋಗಬಹುದು. ಅಲ್ಲಿ ಪೂಜಾ ನಡದೈತಿ, ಚಪ್ಪಲಿ ಹೊರಗ ಬಿಡ್ರಿ. ಉಳಿದ ಕಡೆನೂ ಲಿಂಗದ ಮ್ಯಾಲ ಹೂವು ಕಂಡ್ರ ಪೂಜಾ ಐತಿ ಅಂತ ತಿಳೀರಿ, ಕೇಳೂದ ಬ್ಯಾಡ, ಚಪ್ಪಲಿ ತಗೀರಿ. ಪರಶುರಾಮ ಕೊಡಲಿ ತೊಳೆದ ಅನ್ನೋ ಕಥಿ ಈ ಹೊಳೀದ, ಕೊಡಲಿ ಆಕಾರದ ಬಂಡಿನೂ ತೋರಸ್ತಾರ.

ಹೊಳಿ ವಿಷಯದಾಗ ಒಂದು ಮಾತು ಗಟ್ಟಿಯಾಗಿ ಹೇಳತೀನಿ. ಮಲಪ್ರಭಾಕ್ಕ ಮ್ಯಾಲ ನವಿಲುತೀರ್ಥದಾಗ ಡ್ಯಾಮ್ ಐತಿ. ಇಲ್ಲಿ ಒಂದು ಹನಿ ಮಳಿ ಇಲ್ಲದಿದ್ರೂ ಅಲ್ಲಿ ನೀರು ಬಿಟ್ರ ಇಲ್ಲಿ ಏರತೈತಿ. ಆಗಸ್ಟ್ 2019ರಾಗ ಪಟ್ಟದಕಲ್ಲ ಗುಡಿಗಳ ಆವರಣದಾಗ ನೀರು ನಿಂತಿತ್ತು, ಐಹೊಳಿಗೂ ಬಂದಿತ್ತು. ಜುಲೈನಿಂದ ಅಕ್ಟೋಬರ್‌ತನಕ ಬಂಡಿ ಮ್ಯಾಲಿಂದ ನೀರಿಗೆ ಇಳೀಬ್ಯಾಡ್ರಿ. ಡಿಸೆಂಬರ್‌ದಾಗ ನೀರು ಕಮ್ಮಿ ಇರತೈತಿ, ಆದ್ರ ಪಾಚಿ ಕಟ್ಟಿದ ಬಂಡಿ ಒಣಗಿದಂಗ ಕಂಡ್ರೂ ಜಾರತೈತಿ.

ನಡಿಗೆಚೀಲ
ಪಟ್ಟದಕಲ್ಲಿಗೆ ಹೊಳೆಗುಂಟ ನಡೆಯುವ ಮಾತು?

ಹೊಳಿದಂಡಿ
ಬ್ಯಾಡ್ರಿ. ನಕಾಶಿಯಾಗ ಹೊಳಿ ನೋಡಿದ್ರ ಸರಳ ಕಾಣತೈತಿ, ನೆಲದ ಮ್ಯಾಲ ಒಂದ ಉದ್ದ ದಾರಿ ಇಲ್ಲ. ಕಬ್ಬಿನ ಗದ್ದಿ ಬರತೈತಿ, ಪಂಪ್‌ಸೆಟ್ ವೈರು ನೆಲದ ಮ್ಯಾಲ ಹಾಸಿರ್ತಾರ, ನಡುವ ಹಳ್ಳ ಕೂಡತಾವು. ಕಬ್ಬಿನೊಳಗ ಹೊಕ್ಕ್ರ ದಿಕ್ಕ ತಿಳಿಯೂದಿಲ್ಲ. ಎರೀ ಮಣ್ಣು ಒಂದು ಮಳಿ ಆದ್ರ ಸಾಕು, ಶೂ ತಳಕ್ಕ ಒಂದೊಂದು ಕಿಲೋ ಹತ್ತತೈತಿ. ಇಪ್ಪತ್ತು ಹೆಜ್ಜಿಗೊಮ್ಮೆ ಕೆರಕೋತ ಹೋಗಬೇಕು.

ನಡೀಲೇಬೇಕು ಅಂದ್ರ ಡಾಂಬರ್ ರಸ್ತಾದ ಮ್ಯಾಲ, ಹದಿಮೂರು–ಹದಿನಾಲ್ಕು ಕಿಲೋಮೀಟರ್. ನಸುಕಿನ್ಯಾಗ ಬಿಟ್ರ ಗಟ್ಟಿ ಕಾಲಿನವರಿಗೆ ಮೂರೂವರಿ ತಾಸು. ಕಬ್ಬಿನ ಟ್ರ್ಯಾಕ್ಟರ್ ಡಬಲ್ ಟ್ರಾಲಿ ಹೇರಿಕೊಂಡು ಓಡಾಡೋ ಕಾಲ ಅದು. ರಸ್ತಾದ ಬಲಗಡೆ, ಎದುರು ಬರೋ ಗಾಡಿ ಕಾಣೋ ಹಂಗ ನಡೀರಿ. ಹಿರಿಯರನ್ನ ಬಸ್ಸಿಗೆ ಹತ್ತಿಸಿ ಕಳಸ್ರಿ.

ಬಾಗಿಲವಾಡ
ಉಳಿದ ಸಣ್ಣ ಸಂಗತಿಗಳು. ಬಾದಾಮಿ–ಐಹೊಳೆ ರಸ್ತೆ ಪಟ್ಟದಕಲ್ಲಿನ ಮೇಲಿಂದ ಸುಮಾರು 35 ಕಿ.ಮೀ. ನೇರ ಬಸ್ಸು ಕಡಿಮೆ. ಇಳಿಯುವಾಗಲೇ ನಿರ್ವಾಹಕರನ್ನು ಸಂಜೆಯ ಕೊನೆಯ ಬಸ್ಸು ಯಾವಾಗ ಎಂದು ಕೇಳಿ. ಸೂರ್ಯಾಸ್ತದವರೆಗೆ ರಾವಣಫಡಿಯಲ್ಲಿ ನಿಲ್ಲುವ ಆಸೆಯಿದ್ದರೆ ಬಸ್ಸು ನಂಬಬೇಡಿ, ಗಾಡಿ ಗೊತ್ತುಮಾಡಿಕೊಳ್ಳಿ ಅಥವಾ ಊರಲ್ಲೇ ಉಳಿಯಿರಿ. ಡಿಸೆಂಬರ್ ಮಧ್ಯದಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಹತ್ತು ನಿಮಿಷವಿರುವಾಗ, ಮುಳುಗುವುದು ಆರರ ಸುಮಾರಿಗೆ.

ದೊಡ್ಡ ಹೋಟೆಲ್ಲುಗಳಿಲ್ಲ. ಆರು ಜನಕ್ಕೆ ರೊಟ್ಟಿ ಊಟ ಬೇಕಾದರೆ ಬೆಳಗ್ಗೆಯೇ ಖಾನಾವಳಿಯಲ್ಲಿ ಹೇಳಿಡಿ. ಹನ್ನೆರಡೂವರೆಗೆ ಗುಡ್ಡ ಇಳಿದು ಹೋಗಿ ಕೇಳಿದರೆ ರೊಟ್ಟಿ ಬಡಿಯುವಷ್ಟು ಹೊತ್ತು ಕಾಯಬೇಕು. ಅಮೀನಗಡದ ಕಡೆಯಿಂದ ಮರಳುವವರು ಕರದಂಟು ಕಟ್ಟಿಸಿಕೊಳ್ಳುವುದು ರೂಢಿ. ಮಾರನೇ ದಿನ ಹೊತ್ತಿದ್ದರೆ ಸಿದ್ದನಕೊಳ್ಳವನ್ನೂ ಸೇರಿಸಿ. ಕಲ್ಲುಗವಿಯ ಚಾಚಿನಡಿ ಚಾಲುಕ್ಯರ ಕಾಲದ ಗುಡಿ, ಪಕ್ಕದಲ್ಲಿ ಲಜ್ಜಾಗೌರಿಯ ಶಿಲ್ಪ. ಮಳೆಗಾಲದಲ್ಲಿ ಮಾತ್ರ ಅಲ್ಲಿ ನೀರು ಧುಮುಕುತ್ತದೆ, ಡಿಸೆಂಬರಿನಲ್ಲಿ ಜಲಪಾತ ನಿರೀಕ್ಷಿಸಬೇಡಿ.

ನಡಿಗೆಚೀಲ
ಎಲ್ಲರಿಗೂ ನಮಸ್ಕಾರ. ಹಾಗಾದರೆ ಗುರುವಾರ ಹೀಗೆ: ಏಳಕ್ಕೆ ದುರ್ಗ ಆವರಣ, ಅಂಬಿಗೇರ ಗುಡಿ, ಓಣಿಯ ಕೊಂತಿಗುಡಿ. ಮ್ಯೂಸಿಯಂ ತೆರೆದಾಗ ಹಿರಿಯರು ಅಲ್ಲಿ, ಉಳಿದವರು ಹತ್ತಕ್ಕೆ ಗುಡ್ಡ. ಮೊರೇರ ಮನೆ ಮೊದಲು ನೋಡಿ, ಹನ್ನೊಂದೂವರೆಗೆ ಶಾಸನದ ಗೋಡೆಯ ಮುಂದೆ. ಊಟ, ಗಳಗನಾಥ, ರಾಮಲಿಂಗ. ನಾಲ್ಕಕ್ಕೆ ಹುಚ್ಚಿಮಲ್ಲಿ, ಅಲ್ಲಿಂದ ರಾವಣಫಡಿ.

ಎರೆಹೊಲ
ಒಂದ ಬದಲ ಮಾಡ್ರಿ. ಹಿರಿಯರನ್ನ ಗುಡ್ಡದ ಬುಡದಾಗ ಬಿಡೂದಕ್ಕಿಂತ ಒಂಬತ್ತೂವರಿಗೆ ನಿಧಾನಕ್ಕ ಜೋಡಿ ಹತ್ತಿಸಿ ಬೌದ್ಧ ಗುಡಿ ಪಡಸಾಲಿಯಾಗ ಕುಂದ್ರಸ್ರಿ, ನೆರಳು ಐತಿ. ಮ್ಯೂಸಿಯಂ ಊಟದ ಮ್ಯಾಲೂ ತೆರದಿರತೈತಿ. ಇಳಿಯುವಾಗ ಮೊಣಕಾಲಿಗೆ ಹೆಚ್ಚು ಭಾರ ಬೀಳತೈತಿ, ಒಂದೊಂದು ಕೋಲು ಕೈಯಾಗ ಇರಲಿ.